ಕಾರ್ಡ್ ಬಂತು, ಹಾಡು ಬರ್ತಿಲ್ಲ: ಉಕುಲೇಲೆಗೆ ಎಷ್ಟು ತಾಳ್ಮೆ ಬೇಕು?

ಪ್ರಶ್ನೆ: ನನಗೆ 41 ವರ್ಷ. ಮೂರು ತಿಂಗಳ ಹಿಂದೆ ಆನ್‌ಲೈನ್‌ನಲ್ಲಿ ಒಂದು ಸೊಪ್ರಾನೊ ಉಕುಲೇಲೆ (ಗಿಟಾರ್ ಥರದ ನಾಲ್ಕು ತಂತಿಯ ಪುಟ್ಟ ವಾದ್ಯ, ಅದರಲ್ಲೂ ಚಿಕ್ಕ ಸೈಜಿನದು) ತರಿಸಿದೆ. ಗಿಟಾರ್‌ಗಿಂತ ಸುಲಭ, ಒಂದೇ ವಾರದಲ್ಲಿ ಹಾಡು ನುಡಿಸಬಹುದು ಅಂತ ಎಲ್ಲರೂ ಹೇಳಿದ್ದರು. ಮೊದಲ ವಾರವೇ ಸಿ, ಎ ಮೈನರ್, ಎಫ್, ಜಿ ಸೆವೆನ್ ನಾಲ್ಕೂ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬಂದವು. ಆಮೇಲೆ ಅಲ್ಲೇ ನಿಂತುಬಿಟ್ಟಿದ್ದೇನೆ. ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತದೆ. ಸ್ಟ್ರಮ್ ಮಾಡುತ್ತಾ, ಅಂದರೆ ತಂತಿಗಳನ್ನೆಲ್ಲ ಒಟ್ಟಿಗೆ ಮೀಟುತ್ತಾ, ಹಾಡಲು ಹೋದರೆ ಎರಡೂ ಕೆಡುತ್ತವೆ. ಎಫ್ ಮತ್ತು ಜಿ ಸೆವೆನ್ ಒತ್ತುವಾಗ ಬೆರಳು ತುಂಬಾ ನೋಯುತ್ತದೆ. ವಾರದ ದಿನ ಸಮಯ ಸಿಗಲ್ಲ, ಭಾನುವಾರ ಎರಡು ಗಂಟೆ ಕೂರುತ್ತೇನೆ. ನನಗೆ ತಾಳ್ಮೆ ಕಮ್ಮಿಯಾ, ವಯಸ್ಸಾಯಿತಾ, ಅಥವಾ ವಾದ್ಯವೇ ಸರಿ ಇಲ್ಲವಾ? ಚಿಕ್ಕಂದಿನಲ್ಲಿ ಎರಡು ವರ್ಷ ಕರ್ನಾಟಕ ಸಂಗೀತ ಕಲಿತಿದ್ದೆ. ಅದು ಏನಾದರೂ ಉಪಯೋಗಕ್ಕೆ ಬರುತ್ತಾ?
— ಓದುಗರು, ದಾವಣಗೆರೆ

ಉತ್ತರ: ಮೂರು ತಿಂಗಳಿಂದ ಬಿಡದೆ ಕೂತಿದ್ದೀರಿ. ತಾಳ್ಮೆ ಇಲ್ಲದವರು ಮೂರನೇ ವಾರಕ್ಕೇ ವಾದ್ಯವನ್ನು ಅಟ್ಟಕ್ಕೆ ಹಾಕಿರುತ್ತಾರೆ. ನಿಮ್ಮಲ್ಲಿ ತಾಳ್ಮೆ ಬೇಕಾದಷ್ಟಿದೆ. ಅದನ್ನು ಎಲ್ಲಿ ಖರ್ಚು ಮಾಡಬೇಕು ಅಂತ ಯಾರೂ ತೋರಿಸಿಕೊಟ್ಟಿಲ್ಲ.

ಉಕುಲೇಲೆ ಸುಲಭ ಅನ್ನೋ ಮಾತು ಅರ್ಧ ಮಾತ್ರ ನಿಜ. ಇರೋದು ನಾಲ್ಕೇ ತಂತಿ. ಅವೂ ನೈಲಾನ್ ಜಾತಿಯವು, ಬಿಗಿ ಕಮ್ಮಿ. ಸಿ ಕಾರ್ಡ್‌ಗೆ ಒಂದೇ ಬೆರಳು ಸಾಕು. ಹಾಗಾಗಿ ಮೊದಲ ವಾರ ನಿಜಕ್ಕೂ ಸುಲಭವಾಗಿ ಕಳೆಯುತ್ತದೆ. ಎರಡನೇ ಹಂತ ಮಾತ್ರ ಬೇರೆ ಯಾವ ವಾದ್ಯಕ್ಕಿಂತಲೂ ಸುಲಭವಲ್ಲ. ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಒಳ್ಳೆಯ ಕಿವಿ, ಒಳ್ಳೆಯ ಕಂಠ ಇರುವ ಎಷ್ಟೋ ಜನ ಸರಿಯಾಗಿ ಈ ಜಾಗದಲ್ಲೇ "ನನ್ನ ಕೈಲಿ ಆಗಲ್ಲ" ಅಂತ ಬಿಟ್ಟುಬಿಡುತ್ತಾರೆ. ಪಾಠ ಹೇಳುವವಳಾಗಿ ನನಗೆ ತುಂಬಾ ನೋವು ಕೊಡುವ ವಿಷಯ ಇದು.

ಈ "ಸುಲಭ" ಅನ್ನೋ ಹೆಸರಿಗೆ ನೂರು ವರ್ಷದ ಇತಿಹಾಸವೇ ಇದೆ. 1879ರ ಆಗಸ್ಟ್ 23ರಂದು ರೇವನ್ಸ್‌ಕ್ರ್ಯಾಗ್ ಅನ್ನೋ ಹಡಗು ಪೋರ್ಚುಗಲ್‌ಗೆ ಸೇರಿದ ಮಡೀರಾ ದ್ವೀಪದಿಂದ ಹವಾಯಿಯ ಹೊನೊಲುಲು ತಲುಪಿತು. ಕಬ್ಬಿನ ತೋಟಗಳಲ್ಲಿ ದುಡಿಯಲು ನಾನೂರಕ್ಕೂ ಹೆಚ್ಚು ಜನ ಅದರಲ್ಲಿ ಬಂದಿದ್ದರು. ಅವರ ನಡುವೆ ಮ್ಯಾನುಯೆಲ್ ನೂನೆಸ್, ಆಗಸ್ಟೊ ಡಿಯಾಸ್, ಜೋಸೆ ದೊ ಎಸ್ಪಿರಿಟೊ ಸಾಂಟೊ ಅನ್ನೋ ಮೂವರು ಮರಗೆಲಸದವರಿದ್ದರು. ಮಡೀರಾದ ಮಶೇಟ್ ಅನ್ನೋ ಪುಟ್ಟ ನಾಲ್ಕು ತಂತಿಯ ವಾದ್ಯವೇ ಇಂಥವರ ಕೈಯಲ್ಲಿ ಉಕುಲೇಲೆಯಾಯಿತು. ಹವಾಯಿಯ ರಾಜ ಕಲಾಕಾವಾ ಇದನ್ನು ಮೆಚ್ಚಿ ಅರಮನೆಗೆ ಕರೆಸಿಕೊಂಡ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಹವಾಯಿಯವರು ನುಡಿಸಿದ್ದನ್ನು ಕೇಳಿ ಅಮೆರಿಕಕ್ಕೆ ಉಕುಲೇಲೆ ಹುಚ್ಚು ಹಿಡಿಯಿತು. 1920ರ ದಶಕದಲ್ಲಿ ಅಲ್ಲಿ ಅಚ್ಚಾದ ಹಾಡಿನ ಹಾಳೆಗಳಲ್ಲಿ ಸಾಲುಗಳ ಮೇಲೆ ಪುಟ್ಟ ಪುಟ್ಟ ಚೌಕದ ಚಿತ್ರಗಳು ಬಂದವು. ನಾಲ್ಕು ಗೆರೆ, ಮೇಲೆ ಚುಕ್ಕಿ. ಚುಕ್ಕಿ ಇರುವಲ್ಲಿ ಬೆರಳಿಡಿ, ಮುಗೀತು.

ಇವತ್ತಿಗೂ ನಾವು ಕಲಿಯೋದು ಅದೇ ಚಿತ್ರ ನೋಡಿಕೊಂಡು. ಬೆರಳು ಎಲ್ಲಿರಬೇಕು ಅಂತ ಆ ಚಿತ್ರ ಹೇಳುತ್ತದೆ. ಅಲ್ಲಿಗೆ ಹೇಗೆ ಹೋಗಬೇಕು ಅಂತ ಹೇಳುವುದಿಲ್ಲ. ನೀವು ನಾಲ್ಕು ನಿಂತ ಚಿತ್ರಗಳನ್ನು ಕಲಿತಿದ್ದೀರಿ. ಅವುಗಳ ನಡುವಿನ ನಡಿಗೆಯನ್ನು ಇನ್ನೂ ಕಲಿತಿಲ್ಲ. ನಿಮ್ಮ ತಾಳ್ಮೆಯನ್ನೆಲ್ಲ ಇನ್ನು ಮೇಲೆ ಅಲ್ಲಿಗೆ ಹಾಕಿ.

ನಿಮ್ಮ ನಾಲ್ಕು ಕಾರ್ಡ್‌ಗಳನ್ನೇ ಹತ್ತಿರದಿಂದ ನೋಡೋಣ. ವಾದ್ಯ ಕೈಗೆ ತಗೊಂಡು ಓದಿ. ನಿಮ್ಮ ಮುಖದ ಕಡೆಯಿಂದ ನೆಲದ ಕಡೆಗೆ ತಂತಿಗಳು ಜಿ, ಸಿ, ಇ, ಎ. ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿಗಳೇ ಫ್ರೆಟ್, ಅವುಗಳ ನಡುವಿನ ಜಾಗವೇ ಮನೆ. ತಲೆಯ ಕಡೆಯಿಂದ ಎಣಿಸಿ.

ಸಿ ಕಾರ್ಡ್‌ನಲ್ಲಿ ಉಂಗುರ ಬೆರಳು ಎ ತಂತಿಯ ಮೂರನೇ ಮನೆಯಲ್ಲಿದೆ. ಎ ಮೈನರ್‌ಗೆ ಅದು ಏಳಬೇಕು, ಮಧ್ಯದ ಬೆರಳು ಜಿ ತಂತಿಯ ಎರಡನೇ ಮನೆಗೆ ಕೂರಬೇಕು. ಹೊಸಬರು ಮೊದಲು ಉಂಗುರ ಬೆರಳು ಎತ್ತಿ, ಆಮೇಲೆ ಮಧ್ಯದ ಬೆರಳಿಗೆ ಜಾಗ ಹುಡುಕುತ್ತಾರೆ. ಎರಡು ಕೆಲಸ, ಎರಡು ಪಟ್ಟು ಹೊತ್ತು. ಸಿ ನುಡಿಸುತ್ತಿರುವಾಗಲೇ ಮಧ್ಯದ ಬೆರಳನ್ನು ಜಿ ತಂತಿಯ ಮೇಲೆ, ತಾಗದಂತೆ, ಗಾಳಿಯಲ್ಲಿ ಸಿದ್ಧವಾಗಿ ಇಡಿ. ಆಗ ಒಂದು ಏಳೋದೂ ಇನ್ನೊಂದು ಕೂರೋದೂ ಒಂದೇ ಕ್ಷಣದಲ್ಲಿ ಆಗುತ್ತದೆ.

ಎ ಮೈನರ್‌ನಿಂದ ಎಫ್‌ಗೆ ಹೋಗುವಾಗ ಮಧ್ಯದ ಬೆರಳು ಕದಲಲೇಬಾರದು. ತೋರುಬೆರಳು ಇ ತಂತಿಯ ಮೊದಲ ಮನೆಗೆ ಬಂದು ಕೂತರೆ ಎಫ್ ಸಿದ್ಧ. ನೂರಕ್ಕೆ ತೊಂಬತ್ತು ಜನ ಇಲ್ಲಿ ಇಡೀ ಕೈಯನ್ನೇ ಎತ್ತಿ, ಮತ್ತೆ ಎರಡೂ ಬೆರಳನ್ನು ಹೊಸದಾಗಿ ಇಡುತ್ತಾರೆ. ನೀವೂ ಹಾಗೇ ಮಾಡ್ತಿರಬಹುದು, ನೋಡಿಕೊಳ್ಳಿ.

ಎಫ್‌ನಿಂದ ಜಿ ಸೆವೆನ್‌ಗೆ ಹೋಗೋದು ನಾಲ್ಕರಲ್ಲಿ ಕಷ್ಟದ ದಾರಿ. ಇಲ್ಲೂ ಒಂದು ಆಧಾರ ಇದೆ. ತೋರುಬೆರಳು ಎಲ್ಲಿದೆಯೋ ಅಲ್ಲೇ, ಇ ತಂತಿಯ ಮೊದಲ ಮನೆಯಲ್ಲೇ ಇರಲಿ. ಮಧ್ಯದ ಬೆರಳು ಜಿ ತಂತಿಯಿಂದ ಪಕ್ಕದ ಸಿ ತಂತಿಗೆ, ಅದೇ ಎರಡನೇ ಮನೆಗೆ ಸರಿಯಲಿ. ಉಂಗುರ ಬೆರಳು ಎ ತಂತಿಯ ಎರಡನೇ ಮನೆಗೆ ಬರಲಿ. ಜಿ ಸೆವೆನ್‌ನಿಂದ ವಾಪಸ್ ಸಿಗೆ ಬರುವಾಗ ಆ ಉಂಗುರ ಬೆರಳನ್ನು ಎತ್ತದೆ, ಎ ತಂತಿಯ ಮೇಲೇ ಒಂದು ಮನೆ ಮುಂದಕ್ಕೆ ಜಾರಿಸಿ. ಮೂರನೇ ಮನೆ ಬಂತು, ಉಳಿದ ಎರಡು ಬೆರಳು ಎದ್ದವು. ಅಷ್ಟೇ ಸಿ.

ನೋಡಿ, ನಾಲ್ಕು ಬದಲಾವಣೆಗಳಲ್ಲಿ ಮೂರರಲ್ಲಿ ಒಂದಲ್ಲ ಒಂದು ಬೆರಳು ತಂತಿಯ ಮೇಲೇ ಉಳಿಯುತ್ತದೆ. ಆ ಒಂದು ಬೆರಳೇ ಕೈಗೆ ದಾರಿ ತೋರಿಸೋದು. ಮುಂದೆ ಯಾವ ಹೊಸ ಕಾರ್ಡ್ ಕಲಿತರೂ, ಅದರ ಹಿಂದಿನ ಕಾರ್ಡ್‌ನ ಯಾವ ಬೆರಳು ಉಳಿಯುತ್ತದೆ, ಯಾವುದು ಜಾರುತ್ತದೆ ಅಂತ ಮೊದಲು ನೋಡಿ. ಆಮೇಲೆ ನುಡಿಸಿ.

ಇದನ್ನು ಅಭ್ಯಾಸ ಮಾಡೋದು ಹೀಗೆ. ಇಡೀ ಹಾಡು ಬೇಡ. ಎಫ್ ಮತ್ತು ಜಿ ಸೆವೆನ್ ಎರಡನ್ನೇ ತಗೊಳ್ಳಿ. ಫೋನ್‌ನಲ್ಲಿ ಒಂದು ನಿಮಿಷ ಟೈಮರ್ ಇಡಿ. ಎಫ್ ಒಂದು ಸಲ ಮೀಟಿ, ಜಿ ಸೆವೆನ್ ಒಂದು ಸಲ ಮೀಟಿ, ಮತ್ತೆ ಎಫ್. ನಾಲ್ಕೂ ತಂತಿ ಸ್ವಚ್ಛವಾಗಿ ನುಡಿದದ್ದನ್ನು ಮಾತ್ರ ಎಣಿಸಿ. ಎಷ್ಟು ಬಂತೋ ಒಂದು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆದಿಡಿ. ಮೊದಲ ದಿನ ಹತ್ತೋ ಹನ್ನೆರಡೋ ಬಂದರೆ ಬೇಜಾರು ಬೇಡ. ಎರಡು ವಾರ ಬಿಟ್ಟು ಆ ಪುಟ ತಿರುಗಿಸಿದಾಗ ನಿಮ್ಮ ಕೈ ಎಷ್ಟು ದೂರ ಬಂದಿದೆ ಅಂತ ಕಣ್ಣಿಗೆ ಕಾಣುತ್ತದೆ. ಕಿವಿಗೆ ಅದು ಬೇಗ ಗೊತ್ತಾಗಲ್ಲ. ಕೈ ಸುಧಾರಿಸಿದ ಹಾಗೆ ಕಿವಿಯೂ ಚುರುಕಾಗಿ, ತಪ್ಪುಗಳು ಮುಂಚಿಗಿಂತ ಜಾಸ್ತಿ ಕೇಳಿಸುತ್ತಿರುತ್ತವೆ. ಮೂರನೇ ತಿಂಗಳಲ್ಲಿ "ಏನೂ ಮುಂದೆ ಹೋಗ್ತಿಲ್ಲ" ಅನ್ನಿಸೋದಕ್ಕೆ ಒಂದು ಕಾರಣ ಇದೂ ಹೌದು.

ಸಾಕು ಅನ್ನೋದು ಯಾವಾಗ? ಸ್ವಲ್ಪ ಲೆಕ್ಕ ಹಾಕೋಣ. ಸಾಧಾರಣ ವೇಗದ ಒಂದು ಹಾಡು ನಿಮಿಷಕ್ಕೆ 80 ಬೀಟ್ ಓಡುತ್ತದೆ ಅಂದುಕೊಳ್ಳಿ. ನಾಲ್ಕು ಬೀಟ್‌ಗೆ ಒಂದು ಕಾರ್ಡ್ ಆದರೆ 3 ಸೆಕೆಂಡಿಗೊಮ್ಮೆ ಬದಲಾವಣೆ, ಅಂದರೆ ನಿಮಿಷಕ್ಕೆ 20. ಕೇಳಲು ಇದು ಕಮ್ಮಿ. ಆದರೆ ಮೂರು ಸೆಕೆಂಡೂ ನೀವು ಬದಲಾಯಿಸುತ್ತಾ ಕೂರೋ ಹಾಗಿಲ್ಲ ಅಲ್ವಾ? ಬದಲಾವಣೆ ಒಂದು ಬೀಟ್ ಒಳಗೆ ಮುಗಿಯಬೇಕು. ಅದು 0.75 ಸೆಕೆಂಡ್. ನಿಮಿಷಕ್ಕೆ 60 ಸ್ವಚ್ಛ ಬದಲಾವಣೆ ಬರುವ ಹೊತ್ತಿಗೆ ಒಂದೊಂದಕ್ಕೆ ಒಂದೊಂದು ಸೆಕೆಂಡ್, ಅದರಲ್ಲೇ ಮೀಟುವ ಹೊತ್ತೂ ಸೇರಿದೆ. ಅಷ್ಟು ಬಂದರೆ ಹಾಡಿಗೆ ಧಾರಾಳ ಸಾಕು.

ಇನ್ನು ಬಲಗೈ. ಕಾರ್ಡ್ ಬದಲಾಯಿಸುವಾಗ ಬಲಗೈಯೂ ನಿಂತುಬಿಡುತ್ತಿದೆ ಅಂತ ನನಗೆ ಖಾತ್ರಿಯಿದೆ. ಅದನ್ನು ನಿಲ್ಲಿಸಬೇಡಿ. ಎಡಗೈ ಇನ್ನೂ ತಲುಪಿಲ್ಲದಿದ್ದರೂ ಪರವಾಗಿಲ್ಲ, ಬಲಗೈ ಹೊತ್ತಿಗೆ ಸರಿಯಾಗಿ ಕೆಳಗೆ ಮೇಲೆ ಆಡುತ್ತಲೇ ಇರಲಿ. ಖಾಲಿ ತಂತಿ ನುಡಿದರೆ ನುಡಿಯಲಿ. ಈ ವಾದ್ಯದ ಒಂದು ದೊಡ್ಡ ಉಪಕಾರ ಇಲ್ಲಿದೆ. ಜಿ, ಸಿ, ಇ, ಎ ನಾಲ್ಕೂ ಖಾಲಿ ತಂತಿ ಒಟ್ಟಿಗೆ ನುಡಿದರೆ ಅದೇ ಒಂದು ಇಂಪಾದ ಕಾರ್ಡ್, ಸಿ ಸಿಕ್ಸ್. ನಿಮ್ಮ ಸಿ ಕಾರ್ಡ್‌ನ ಮೂರು ಸ್ವರವೂ ಎ ಮೈನರ್‌ನ ಮೂರು ಸ್ವರವೂ ಅದರೊಳಗೇ ಇವೆ. ಹಾಗಾಗಿ ಬದಲಾವಣೆಗೆ ಮುಂಚಿನ ಕೊನೆಯ ಮೇಲ್ಮೀಟು ಖಾಲಿ ತಂತಿಯ ಮೇಲೆ ಬಿದ್ದರೂ ಕಿವಿಗೆ ಅಪಶ್ರುತಿ ಅನ್ನಿಸಲ್ಲ. ಪಳಗಿದವರೂ ಆ ಅರ್ಧ ಬೀಟ್ ಮುಂಚೆಯೇ ಬೆರಳು ಎತ್ತಿ ಹೊಸ ಕಾರ್ಡ್ ಕಡೆ ಹೊರಟಿರುತ್ತಾರೆ. ಯಾರದ್ದಾದರೂ ವಿಡಿಯೊವನ್ನು ನಿಧಾನಗತಿಯಲ್ಲಿ ಹಾಕಿ ನೋಡಿ, ಕಾಣುತ್ತದೆ.

ಭಾನುವಾರದ ಎರಡು ಗಂಟೆ ವಿಷಯ. ಅದನ್ನು ಈ ವಾರವೇ ನಿಲ್ಲಿಸಿ ಅಂತ ಕೇಳಿಕೊಳ್ಳುತ್ತೇನೆ. ಅದೇ 120 ನಿಮಿಷವನ್ನು ಏಳು ದಿನಕ್ಕೆ ಹಂಚಿದರೆ ದಿನಕ್ಕೆ 17 ನಿಮಿಷ ಸಿಗುತ್ತದೆ. ಕೈಯ ಕೆಲಸವನ್ನು ಮಿದುಳು ಗಟ್ಟಿ ಮಾಡಿಕೊಳ್ಳೋದು ಅಭ್ಯಾಸದ ನಡುವಿನ ಬಿಡುವಿನಲ್ಲಿ, ಮುಖ್ಯವಾಗಿ ನಿದ್ದೆಯಲ್ಲಿ. ಭಾನುವಾರ ಮಾತ್ರ ಕೂತರೆ ಆ ಅಭ್ಯಾಸದ ಮೇಲೆ ಒಂದು ರಾತ್ರಿ ನಿದ್ದೆ ಮಾಡಿ, ಉಳಿದ ಆರು ದಿನ ಮರೆಯೋಕೆ ಬಿಟ್ಟ ಹಾಗಾಯಿತು. ದಿನಾ ಕೂತರೆ ಏಳು ರಾತ್ರಿ ಸಿಗುತ್ತವೆ. ಅದೂ ಅಲ್ಲದೆ, ಎರಡನೇ ಗಂಟೆಯಲ್ಲಿ ಬೆರಳು ನೊಂದು, ಗಮನ ಹೋಗಿ, ತಪ್ಪನ್ನೇ ಮತ್ತೆ ಮತ್ತೆ ನುಡಿಸುತ್ತಿರುತ್ತೀರಿ. ಕೈ ಆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಕಲಿಯುತ್ತದೆ.

ವಾದ್ಯವನ್ನು ಚೀಲದಲ್ಲಿ ಇಡಬೇಡಿ. ಬಿಸಿಲು ಬೀಳದ ಗೋಡೆಗೆ ಒಂದು ಮೊಳೆ ಹೊಡೆದು ನೇತುಹಾಕಿ. ಕಣ್ಣಿಗೆ ಬಿದ್ದರೆ ಕೈ ಹೋಗುತ್ತದೆ. ಅಕ್ಕಿ ಬೇಯುವ ಹೊತ್ತಿನಲ್ಲೂ ಐದು ನಿಮಿಷ ಆಗುತ್ತದೆ. ಮೊದಲು ಟ್ಯೂನ್ ಮಾಡಿ, ಆಮೇಲೆ ಎರಡು ಮೂರು ಜೋಡಿ ಬದಲಾವಣೆ. ಕೊನೆಗೆ, ಎಷ್ಟೇ ತಪ್ಪಾದರೂ ನಿಲ್ಲಿಸದೆ ಒಂದು ಹಾಡು. ಆ ಹಾಡನ್ನು ಮಾತ್ರ ಯಾವತ್ತೂ ಬಿಡಬೇಡಿ. ನೀವು ವಾದ್ಯ ತರಿಸಿದ್ದು ಹಾಡೋದಕ್ಕೆ.

ಹಾಡು ಕೆಡೋದಕ್ಕೆ ನಿಮ್ಮ ಬೆರಳೇ ಕಾರಣ ಅಂತ ತಿಳಿಯಬೇಡಿ. ತಾಳ ಬೇರೆ ಇರಬಹುದು. ನೆಟ್‌ನಲ್ಲಿ ಎಲ್ಲರೂ ಮೊದಲು ಕಲಿಸುವ ಸ್ಟ್ರಮ್ ಒಂದಿದೆ: ಕೆಳಗೆ, ಕೆಳಗೆ-ಮೇಲೆ, ಮೇಲೆ-ಕೆಳಗೆ-ಮೇಲೆ. ಇದು ನಾಲ್ಕು ಬೀಟ್‌ನದು. ಮೂರನೇ ಬೀಟ್‌ನಲ್ಲಿ ಕೈ ಕೆಳಗೆ ಹೋಗುತ್ತದೆ, ಆದರೆ ತಂತಿಗೆ ತಾಗದೆ ಗಾಳಿಯಲ್ಲಿ ಹೋಗುತ್ತದೆ. ನಮ್ಮ ಭಾವಗೀತೆಗಳಲ್ಲೂ ಸಿನಿಮಾ ಹಾಡುಗಳಲ್ಲೂ ಎಷ್ಟೊಂದು ದಾದ್ರಾ ನಡೆಯಲ್ಲಿವೆ, ಅಂದರೆ ಆರು ಮಾತ್ರೆಯವು. ಆರರ ಹಾಡಿಗೆ ನಾಲ್ಕರ ಸ್ಟ್ರಮ್ ಹಾಕಿದರೆ ಯಾರು ನುಡಿಸಿದರೂ ಕೂರೋದಿಲ್ಲ. ವಾದ್ಯ ಪಕ್ಕಕ್ಕಿಟ್ಟು ಮೊದಲು ಚಪ್ಪಾಳೆ ತಟ್ಟಿ ಹಾಡಿ. ಒಂದು-ಎರಡು-ಮೂರು, ನಾಲ್ಕು-ಐದು-ಆರು ಅಂತ ಬರುತ್ತಿದ್ದರೆ ಆರೂ ಮಾತ್ರೆಗೆ ಸುಮ್ನೆ ಕೆಳಮೀಟು ಹಾಕಿ, ಒಂದಕ್ಕೂ ನಾಲ್ಕಕ್ಕೂ ಸ್ವಲ್ಪ ಒತ್ತು ಕೊಡಿ. ಎಂಟು ಮಾತ್ರೆಯ ಕೆಹರ್ವಾ ಆದರೆ ಮೊದಲಿನ ಸ್ಟ್ರಮ್ ಚೆನ್ನಾಗಿ ಹೊಂದುತ್ತದೆ. ಹಾಡುತ್ತಾ ನುಡಿಸೋದನ್ನೂ ಮೆಟ್ಟಿಲು ಮೆಟ್ಟಿಲಾಗಿ ತನ್ನಿ. ಕಾರ್ಡ್ ಬದಲಾಗುವ ಕಡೆ ಒಂದೇ ಒಂದು ಕೆಳಮೀಟು ಹಾಕಿ ಇಡೀ ಹಾಡು ಹಾಡಿ. ಅದು ಸಲೀಸಾದ ಮೇಲೆ ಪ್ರತಿ ಬೀಟ್‌ಗೆ ಒಂದು ಮೀಟು, ಆಮೇಲೆ ಪೂರ್ತಿ ಸ್ಟ್ರಮ್.

ಶ್ರುತಿಯನ್ನೂ ಗಮನಿಸಿ. ಸಿ ಕಾರ್ಡ್‌ನ ಕುಟುಂಬ ಅಂದರೆ ಷಡ್ಜ ಬಿಳಿ ಒಂದರಲ್ಲಿ, ಅಂದರೆ ಹಾರ್ಮೋನಿಯಂನ ಸಿ ಮನೆಯಲ್ಲಿ. ಕರ್ನಾಟಕ ಸಂಗೀತದಲ್ಲಿ ಗಂಡಸರು ಸಾಮಾನ್ಯವಾಗಿ ಒಂದು-ಎರಡರ ಆಸುಪಾಸು, ಹೆಂಗಸರು ಐದರ ಆಸುಪಾಸು ಹಾಡುತ್ತಾರೆ. ನಿಮ್ಮ ಕಂಠಕ್ಕೆ ಒಂದು ತೀರಾ ಕೆಳಗಾದರೆ ಎರಡನೇ ಮನೆಯಲ್ಲಿ ಕ್ಯಾಪೊ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್) ಹಾಕಿ. ಅದೇ ಬೆರಳು, ಶ್ರುತಿ ಎರಡಾಗುತ್ತದೆ. ಐದು ಬೇಕಾದವರು ಜಿ, ಸಿ, ಡಿ ಸೆವೆನ್ ಕಾರ್ಡ್‌ಗಳನ್ನು ಕಲಿಯಬೇಕು. ಒಗ್ಗದ ಶ್ರುತಿಯಲ್ಲಿ ಕಷ್ಟಪಟ್ಟು ಹಾಡುತ್ತಿದ್ದರೆ ಕೈಗೆ ಗಮನ ಉಳಿಯುವುದೇ ಇಲ್ಲ.

ನಿಮ್ಮ ಆ ಎರಡು ವರ್ಷದ ಪಾಠ ಉಪಯೋಗಕ್ಕೆ ಬರುತ್ತಾ ಅಂತ ಕೇಳಿದ್ದೀರಿ. ಇದಕ್ಕೆ ಉತ್ತರ ಬರೆಯಲು ನನಗೆ ಎಲ್ಲಕ್ಕಿಂತ ಹೆಚ್ಚು ಖುಷಿ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುವ ಸರಳೆ ವರಸೆ ನಿಮಗೆ ನೆನಪಿರುತ್ತದೆ. ಮಾಯಾಮಾಳವಗೌಳ ರಾಗ, ಮೂರು ಕಾಲ. ಅದನ್ನೇ ಉಕುಲೇಲೆಯ ಮೇಲೆ ನುಡಿಸಿ.

ಸ ಅಂದರೆ ಸಿ ತಂತಿ ಖಾಲಿ. ರಿ ಅದೇ ತಂತಿಯ ಮೊದಲ ಮನೆ. ಗ ಅಂದರೆ ಇ ತಂತಿ ಖಾಲಿ. ಮ ಇ ತಂತಿಯ ಮೊದಲ ಮನೆ, ಪ ಮೂರನೇ ಮನೆ, ದ ನಾಲ್ಕನೇ ಮನೆ. ನಿ ಎ ತಂತಿಯ ಎರಡನೇ ಮನೆ, ಮೇಲಿನ ಸ ಮೂರನೇ ಮನೆ. ಮೊದಲ ಮನೆಗೆ ತೋರುಬೆರಳು, ಎರಡಕ್ಕೆ ಮಧ್ಯದ ಬೆರಳು, ಮೂರಕ್ಕೆ ಉಂಗುರ ಬೆರಳು, ನಾಲ್ಕಕ್ಕೆ ಕಿರುಬೆರಳು. ಹೀಗೆ ಇಟ್ಟರೆ ಒಂದೇ ಆರೋಹಣದಲ್ಲಿ ನಾಲ್ಕೂ ಬೆರಳಿಗೆ ಕೆಲಸ ಸಿಗುತ್ತದೆ. ಕಾರ್ಡ್ ಹಿಡಿಯುವಾಗ ಸುಮ್ಮನೆ ಇರುವ ಕಿರುಬೆರಳು ಧೈವತಕ್ಕೆ ಬರಲೇಬೇಕು. ಬಲಗೈ ಹೆಬ್ಬೆರಳಿನಲ್ಲಿ ಮೀಟಿ. ಮೆಟ್ರೊನೋಮ್ (ಬೀಟ್ ಎಣಿಸಿ ಟಿಕ್ ಟಿಕ್ ಅನ್ನುವ ಸಾಧನ) 50ಕ್ಕೆ ಇಟ್ಟು ಬೀಟ್‌ಗೆ ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ಬೆರಳು ತಪ್ಪಿದ ತಕ್ಷಣ ನಿಮ್ಮ ಕಿವಿಗೆ ಗೊತ್ತಾಗುತ್ತದೆ, ಯಾಕಂದ್ರೆ ಈ ವರಸೆ ನಿಮ್ಮ ಬಾಯಲ್ಲಿ ಆಗಲೇ ಇದೆ. ಈ ಲಾಭ ಹೊಸಬರಿಗೆ ಸಿಗಲ್ಲ.

ಮಿತಿಯನ್ನೂ ಹೇಳಬೇಕು. ನಿಮ್ಮ ವಾದ್ಯದ ಜಿ ತಂತಿ ಸಿ ತಂತಿಗಿಂತ ಎತ್ತರದ ಸ್ವರದ್ದು, ಹಾಗಾಗಿ ಷಡ್ಜಕ್ಕಿಂತ ಕೆಳಗೆ ಇಳಿಯಲು ಜಾಗವಿಲ್ಲ. ವೀಣೆಯಲ್ಲಿ ತಂತಿ ಎಳೆದು ತರುವ ಗಮಕ ಇಲ್ಲಿ ಅಷ್ಟಾಗಿ ಬರುವುದಿಲ್ಲ. ಸರಳೆಗೆ, ಜಂಟಿಗೆ, ಅಲಂಕಾರಗಳಿಗೆ ಇಷ್ಟು ಧಾರಾಳ ಸಾಕು. ಇದು ನನ್ನೊಬ್ಬಳ ಹಂಬಲ ಅಂದುಕೊಳ್ಳಬೇಡಿ. ಕೆನಡಾದ ಹ್ಯಾಲಿಫ್ಯಾಕ್ಸ್ ಶಾಲೆಗಳಲ್ಲಿ 1960ರ ದಶಕದಲ್ಲಿ ಜೆ. ಚಾಲ್ಮರ್ಸ್ ಡೋನ್ ಅನ್ನೋ ಮೇಷ್ಟ್ರು ಉಕುಲೇಲೆ ಮೂಲಕ ಸಂಗೀತ ಕಲಿಸಿದ ರೀತಿಯಲ್ಲೂ ಕಾರ್ಡ್ ಜೊತೆಗೆ ಸ್ವರ ಬಿಡಿಸಿ ನುಡಿಸೋದು, ಹಾಡೋದು, ಕಿವಿ ತಿದ್ದೋದು ಎಲ್ಲ ಸೇರಿತ್ತು.

ವಯಸ್ಸಿನ ಬಗ್ಗೆ ಎರಡೇ ಮಾತು. ಹೊನೊಲುಲುವಿನ ಜೇಕ್ ಶಿಮಾಬುಕುರೊ ಇವತ್ತು ಈ ವಾದ್ಯದ ದೊಡ್ಡ ಕಲಾವಿದರಲ್ಲೊಬ್ಬರು, ನಾಲ್ಕನೇ ವಯಸ್ಸಿಗೆ ಅಮ್ಮನಿಂದ ಕಲಿಯಲು ಶುರು ಮಾಡಿದವರು. ಅವರ ಹಾಗೆ ನುಡಿಸಬೇಕು ಅಂದರೆ 41 ತಡವೇ. ಮನೆಯವರ ಜೊತೆ ಕೂತು ಇಷ್ಟದ ಹಾಡು ಹಾಡಬೇಕು ಅಂದರೆ ಯಾವ ತಡವೂ ಇಲ್ಲ. ದಿನಾ ಹದಿನೈದಿಪ್ಪತ್ತು ನಿಮಿಷ ಕೂತವರಿಗೆ ನಾಲ್ಕು ಕಾರ್ಡ್‌ನ ಈ ಸುತ್ತು ತಾಳ ತಪ್ಪದೆ ಬರಲು ಸಾಮಾನ್ಯವಾಗಿ ಒಂದೂವರೆ ತಿಂಗಳು ಹಿಡಿಯೋದನ್ನು ನೋಡಿದ್ದೇನೆ. ಹಾಡುತ್ತಾ ನಿರಾಳವಾಗಿ ನುಡಿಸಲು ಇನ್ನೂ ಎರಡು ಮೂರು ತಿಂಗಳು. ಅಷ್ಟು ಹೊತ್ತು ಕೊಡಿ.

ಕೊನೆಯದು ನೋವು. ಬೆರಳ ತುದಿ ನೋಯೋದು ಸಹಜ, ದಿನಾ ಸ್ವಲ್ಪ ಸ್ವಲ್ಪ ನುಡಿಸಿದರೆ ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಗುತ್ತದೆ. ಮಣಿಕಟ್ಟು ನೋಯುವುದು, ಬೆರಳು ಜೋಮು ಹಿಡಿಯುವುದು ಸಹಜವಲ್ಲ. ಹಾಗಾದರೆ ಅಲ್ಲಿಗೇ ನಿಲ್ಲಿಸಿ, ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಎಷ್ಟು ಒತ್ತಬೇಕು ಅಂತ ತಿಳಿಯಲು ಹೀಗೆ ಮಾಡಿ: ಬೆರಳನ್ನು ಫ್ರೆಟ್ ಪಟ್ಟಿಯ ಹಿಂದೆಯೇ, ಆದಷ್ಟು ಹತ್ತಿರ ಇಡಿ. ಸುಮ್ನೆ ತಾಗಿಸಿ ಮೀಟಿ, ಮೊದ್ದು ಶಬ್ದ ಬರುತ್ತದೆ. ಚೂರು ಚೂರೇ ಒತ್ತುತ್ತಾ ಹೋಗಿ. ಸ್ವರ ಸ್ವಚ್ಛವಾದ ಜಾಗದಲ್ಲಿ ನಿಲ್ಲಿಸಿ. ಸಾಮಾನ್ಯವಾಗಿ ನಾವು ಅದಕ್ಕಿಂತ ಎಷ್ಟೋ ಜಾಸ್ತಿ ಒತ್ತುತ್ತಿರುತ್ತೇವೆ.

ನೋವು ಎಫ್ ಮತ್ತು ಜಿ ಸೆವೆನ್‌ನಲ್ಲಿ ಮಾತ್ರ ಅಂತ ಬರೆದಿದ್ದೀರಲ್ಲ, ಅದು ವಾದ್ಯದ ಕಡೆಗೂ ಬೆರಳು ತೋರಿಸುತ್ತದೆ. ಎರಡರಲ್ಲೂ ಮೊದಲ ಮನೆ ಒತ್ತಬೇಕು. ಮೊದಲ ಮನೆ ನಟ್‌ಗೆ, ಅಂದರೆ ತಲೆಯ ಹತ್ತಿರ ತಂತಿಗಳು ಕೂರುವ ಆ ಬಿಳಿ ಪಟ್ಟಿಗೆ, ತೀರಾ ಹತ್ತಿರ. ಅಗ್ಗದ ವಾದ್ಯಗಳಲ್ಲಿ ಆ ಪಟ್ಟಿಯ ಗೀರುಗಳನ್ನು ಪೂರ್ತಿ ಕೊರೆದಿರುವುದಿಲ್ಲ, ತಂತಿ ಎತ್ತರದಲ್ಲಿ ಕೂತಿರುತ್ತದೆ. ತಂತಿಯನ್ನು ಮೂರನೇ ಮನೆಯಲ್ಲಿ ಒತ್ತಿ ಹಿಡಿದು ಮೊದಲ ಫ್ರೆಟ್ ಮೇಲೆ ನೋಡಿ. ತಂತಿಗೂ ಫ್ರೆಟ್‌ಗೂ ನಡುವೆ ಒಂದು ಹಾಳೆಯಷ್ಟು ಸಂದಿ ಇದ್ದರೆ ಸರಿ. ರಟ್ಟು ತೂರುವಷ್ಟಿದ್ದರೆ ನಟ್ ಎತ್ತರವಾಗಿದೆ. ಮೊದಲ ಮನೆಯ ಸ್ವರ ಟ್ಯೂನರ್‌ನಲ್ಲಿ ಮೇಲಕ್ಕೆ ತೋರಿಸುತ್ತಿದ್ದರೆ ಅದೂ ಇದೇ ಗುರುತು. ಗಿಟಾರ್ ರಿಪೇರಿ ಮಾಡುವವರು ಸಣ್ಣ ಅರದಿಂದ ಆ ಗೀರು ಇಳಿಸಿ ಕೊಡುತ್ತಾರೆ. ಮನೆಯಲ್ಲಿ ನೀವೇ ಉಜ್ಜಲು ಹೋಗಬೇಡಿ, ಚೂರು ಜಾಸ್ತಿ ಇಳಿದರೂ ತಂತಿ ಝುಯ್ ಅನ್ನತೊಡಗುತ್ತದೆ.

ಇದನ್ನು ಮಾಡಿಸದೆ ಹೊಸ ವಾದ್ಯ ಕೊಳ್ಳಬೇಡಿ. ಆಮೇಲೂ ಬೆರಳುಗಳು ಇಕ್ಕಟ್ಟಾಗಿ ಒಂದಕ್ಕೊಂದು ತಾಗುತ್ತಿದ್ದರೆ ಕನ್ಸರ್ಟ್ ಸೈಜ್ ನೋಡಿ. ಸೊಪ್ರಾನೊದಲ್ಲಿ ನುಡಿಯುವ ತಂತಿಯ ಉದ್ದ ಸುಮಾರು 35 ಸೆಂ.ಮೀ., ಕನ್ಸರ್ಟ್‌ನಲ್ಲಿ ಸುಮಾರು 38. ಟ್ಯೂನಿಂಗ್ ಅದೇ ಆದ್ದರಿಂದ ಇಲ್ಲಿ ಕಲಿತದ್ದೆಲ್ಲ ಹಾಗೇ ಅಲ್ಲಿ ನಡೆಯುತ್ತದೆ. ಹೊಸ ತಂತಿ ಹಾಕಿದಾಗ ಒಂದೆರಡು ವಾರ ಅದು ಹಿಗ್ಗುತ್ತಾ ಶ್ರುತಿ ಇಳಿಯುತ್ತಿರುತ್ತದೆ. ಅದು ವಾದ್ಯದ ದೋಷವಲ್ಲ, ಪ್ರತಿ ಸಲ ಕೂರುವ ಮುಂಚೆ ಟ್ಯೂನ್ ಮಾಡಿಕೊಂಡರೆ ಸಾಕು.